ಕೊನೆಯಲ್ಲಿ ಬರೆದ ‘ಕಾಪಿ’

“ಒಳಗ ಬರಬ್ಯಾಡ್ರಿ!”

ನಾಗರತ್ನಾ ಬಾಗಿಲಿಗೆ ಅಡ್ಡವಾಗಿ ನಿಂತಳು. ಎಂಟು ತಿಂಗಳ ಮೇಲೆ ಇಳಕಲ್ಲಿನ ಅವಳ ಮನೆಯ ಕಟ್ಟೆಯ ಮುಂದೆ ಜಯಂತ ನಿಂತಿದ್ದ. ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಮುಖದಲ್ಲಿ ಗಡ್ಡ.

ಅವನನ್ನು ಕಂಡ ಕೂಡಲೇ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು? ಛೀ... ಮಾನ ಇಲ್ಲದ ಎದೆ!

“ಅವ್ವ ಹ್ಯಾಂಗಿದ್ದಾರ?” ಎಂದ.

“ದವಾಖಾನಿಯವರು ಕೈ ಬಿಟ್ಟಾರ. ಇನ್ನ ಕೇಳೂದು ಏನೈತಿ?”

ಒಳಗೆ ನಿಂತುಹೋದ ಮಗ್ಗದ ಪಕ್ಕದಲ್ಲೇ ಕಾಳವ್ವನ ಹಾಸಿಗೆ. ಲಕ್ವಾ ಹೊಡೆದ ದಿನವೇ ಮಾತು ಹೋಗಿತ್ತು. ಆಡುತ್ತಿದ್ದುದು ಎಡಗೈ ಒಂದೇ. ಆ ಕೈ ದಿನವೂ ತೊಲೆಯಲ್ಲಿದ್ದ ತೊಟ್ಟಿಲ ಕೊಂಡಿಯನ್ನು ತೋರಿಸುತ್ತಿತ್ತು.

ಅವ್ವ ಏನು ಕೇಳುತ್ತಿದ್ದಾಳೆಂದು ನಾಗರತ್ನಾಳಿಗೆ ಗೊತ್ತಿತ್ತು. ತೊಟ್ಟಿಲಲ್ಲೇ ತೀರಿಕೊಂಡ ಅವ್ವನ ಮೊದಲ ಮಗುವಿನ ಹಾಡು. ಕಾಳವ್ವ ಅದನ್ನು ಮಗಳೆದುರು ಹಾಡಿದ್ದು ಒಂದೇ ಸಲ. ‘ಬರಕೋ... ಮತ್ತ ಹಾಡಂಗಿಲ್ಲ’ ಎಂದು ಅತ್ತಿದ್ದಳು.

ನಾಗರತ್ನಾ ಬರೆದುಕೊಂಡಿದ್ದಳು. ಹುನಗುಂದದ ವಕೀಲರೊಬ್ಬರ ಬಳಿ ಟೈಪಿಸ್ಟ್ ಅವಳು. ಅವ್ವನ ನೂರಾ ಅರವತ್ಮೂರು ಹಾಡುಗಳನ್ನು ಹಳೆಯ ಫಾಂಟಿನಲ್ಲಿ ಟೈಪು ಮಾಡಿ ಪೆನ್‌ಡ್ರೈವಿನಲ್ಲಷ್ಟೇ ಇಟ್ಟಿದ್ದಳು; ಬರೆದ ಹಾಳೆಗಳು ಉಳಿದಿರಲಿಲ್ಲ. ಮೊಬೈಲಿನಲ್ಲಿ ಅವು ಓದಲು ಬರುತ್ತಿರಲಿಲ್ಲ. ಅಕ್ಷರ ಬದಲಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟವನು ಅಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಜಯಂತ. ಹಾಡಿನ ನೆಪದಲ್ಲಿ ಚಹಾ, ಚಹಾದ ನೆಪದಲ್ಲಿ ಮಾತು... ಪ್ರೀತಿಗೆ ನೆಪ ಬೇಡವಾಗಿ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

“ಕಾಪಿ ಅಂತ ಆಯ್ಕೆ ಬರಿ. ಮೂಲ ಹಂಗ ಉಳೀತದ, ಹೊಸಾದು ಬ್ಯಾರೆ ಆಗ್ತದ. ಬರೀದಿದ್ರ ಮೂಲದ ಮ್ಯಾಲೇ ಬರದುಬಿಡ್ತದ,” ಎಂದಿದ್ದ.

ಎಲ್ಲಿ ಬರೆಯಬೇಕೆಂದು ಮಾತ್ರ ಹೇಳಿರಲಿಲ್ಲ.

ನೇಕಾರರ ಮನೆಯಲ್ಲಿ ಸೀರೆಯ ಚೀಟಿಗೆ ಒಂದು ಕ್ರಮವಿದೆ. ಮೊದಲು ಸೀರೆಯ ಹೆಸರು, ಸೆರಗು ಅಂಚುಗಳಲ್ಲಿ ಬದಲಾವಣೆ ಇದ್ದರೆ ಕಟ್ಟಕಡೆಗೆ. ನಾಗರತ್ನಾಳ ಕೈಗೆ ಅದೇ ರೂಢಿ. ಫೈಲಿನ ಹೆಸರು ಮೊದಲು ಬರೆದಳು, ‘ಕಾಪಿ’ ಕೊನೆಗೆ. ಹೆಸರಿನ ನಂತರ ಬಂದ ಆಯ್ಕೆಯನ್ನು ಸ್ಕ್ರಿಪ್ಟ್ ನೋಡಲೇ ಇಲ್ಲ. ತಪ್ಪೆಂದೂ ಹೇಳಲಿಲ್ಲ. ಮೂಲದ ಮೇಲೇ ಬರೆಯಿತು, ಅದನ್ನೂ ಅರ್ಧಮರ್ಧ. ತೆರೆದು ನೋಡಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು!

ಅವ್ವನಿಗೆ ಲಕ್ವಾ ಹೊಡೆದು ಆಗಿನ್ನೂ ನಾಲ್ಕು ದಿನ. ಅಳುತ್ತಾ ಓಡಿ ಬಂದವಳಿಗೆ ಜಯಂತ ಹೇಳಿದ್ದು ಒಂದೇ ಮಾತು: “ನೀ ತಪ್ಪು ಜಾಗಾದಾಗ ಬರದಿ.”

ಪೆನ್‌ಡ್ರೈವನ್ನು ಅವನ ಕಾಲ ಬಳಿ ಎಸೆದು ಬಂದಿದ್ದಳು. ಆಮೇಲಿನ ಪ್ರತಿ ದಿನವೂ ಅವ್ವನ ಹಾಡು ಕೊಂದವಳು ನಾನೇ ಎಂದು ತನ್ನನ್ನೇ ಶಪಿಸಿಕೊಂಡಿದ್ದಳು.

“ತಪ್ಪು ನಿಂದಲ್ಲ, ನಾಗೂ.” ಜಯಂತ ಲ್ಯಾಪ್‌ಟಾಪ್ ಚೀಲವನ್ನು ಕಟ್ಟೆಯ ಮೇಲಿಟ್ಟ. “ನನಗ ಅವತ್ತೇ ಗೊತ್ತಿತ್ತು. ಆಯ್ಕೆ ಎಲ್ಲಿದ್ದರೂ ಅದು ಹುಡುಕಬೇಕಿತ್ತು. ತಿಳೀದಿದ್ರ ನಿಂತು ಕೇಳಬೇಕಿತ್ತು. ಹಂಗ ಬರೀಲಿಕ್ಕೆ ನಾ ಬ್ಯಾಸರಾ ಮಾಡಿಕೊಂಡೆ. ನನ್ನ ತಪ್ಪು ಅನ್ನಲಿಕ್ಕೆ ನಾಚಿಕಿ ಆತು... ನಿನ್ನ ತಲಿಗೆ ಕಟ್ಟಿದೆ.”

ಎಂಟು ತಿಂಗಳು! ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಏಳಲಿಲ್ಲ, ಕಣ್ಣೀರು ಮಾತ್ರ ಇಳಿಯಿತು.

“ಈಗ್ಯಾಕ ಬಂದ್ರಿ?”

“ಪೆನ್‌ಡ್ರೈವಿನಾಗ ಹಳೇ ಫೈಲಿನ ತುಣುಕು ಉಳಿದಿದ್ವು. ದಿನಾ ಹೆಕ್ಕೀನಿ. ತೊಂಬತ್ತೊಂದು ಹಾಡು ಸಿಕ್ಕಾವ.”

“ತೊಟ್ಟಿಲದ್ದು?”

ಜಯಂತ ತಲೆ ತಗ್ಗಿಸಿದ. “ಎರಡು ಸಾಲು. ಮೂರನೇದು ಹೋತು.”

ನಾಗರತ್ನಾ ಬಾಗಿಲು ಬಿಟ್ಟು ಸರಿದಳು.

ಹಾಸಿಗೆಯ ಪಕ್ಕ ಕುಳಿತು, ಜಯಂತ ತೆರೆದಿಟ್ಟ ಲ್ಯಾಪ್‌ಟಾಪಿನ ಪರದೆ ನೋಡುತ್ತಾ ಓದಿದಳು:

“ಎಳಿ ಹರದೀತಂತ ಅಳಬ್ಯಾಡ ನನ ಕೂಸ
ನಿನ ಅವ್ವ ಗಂಟ ಹಾಕ್ಯಾಳ...”

ಅಲ್ಲಿಗೇ ನಿಂತಿತು. ಕಾಳವ್ವನ ಕಣ್ಣಂಚಿನಿಂದ ನೀರು ಇಳಿಯಿತು. ತುಟಿಗಳು ಅಲುಗಿದವು. ಮೂರನೆಯ ಸಾಲು ಅಲ್ಲೇ ಇತ್ತು, ಆ ತುಟಿಗಳ ಮೇಲೆ! ನಾಗರತ್ನಾ ಕಿವಿ ಹಚ್ಚಿದಳು. ಬರೀ ಉಸಿರು.

ಎಡಗೈ ಮಾತ್ರ ಮಗಳ ತಲೆಯ ಮೇಲೆ ಬಂದು ಕುಳಿತಿತು. ಮತ್ತೆ ಕೊಂಡಿಯನ್ನು ತೋರಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕಾಳವ್ವ ಹೋದಳು. ಆ ಸಾಲನ್ನೂ ಒಯ್ದಳು.

ದಿನಕರ್ಮಗಳು ಮುಗಿದ ವಾರಕ್ಕೆ ಜಯಂತ ಮತ್ತೆ ಬಂದ. ಈ ಸಲ ನಾಗರತ್ನಾ ತಾನೇ ಕರೆದು ಕೂರಿಸಿದಳು. ಅವಳಿಗೆ ನೆನಪಿದ್ದ ನಲವತ್ತು ಹಾಡುಗಳಲ್ಲಿ ಹದಿನೆಂಟು ಅವನ ಬಳಿ ಇಲ್ಲದವು. ಅವನ್ನು ಅವನ ತೊಂಬತ್ತೊಂದಕ್ಕೆ ಸೇರಿಸಿದರು. ಉಳಿದವು ಹೋದವು, ಹೋದವೇ.

ಅಕ್ಷರ ಬದಲಿಸಲು ಅವಳು ಮತ್ತೆ ಅದೇ ಸ್ಕ್ರಿಪ್ಟಿಗೆ ಫೈಲಿನ ಹೆಸರು ಟೈಪು ಮಾಡಿದಳು. ತನ್ನ ರೂಢಿಯಂತೆ ‘ಕಾಪಿ’ ಕೊನೆಗೆ ಬರೆದು, ಗುಂಡಿ ಒತ್ತದೆ ಕೈ ತಡೆದಳು.

“ಕೊನಿಗೆ ಬರದ್ರ ಈಗ ನೋಡ್ತೈತೇನ್ರಿ?”

“ಎಲ್ಲಿ ಬರದ್ರೂ ನೋಡ್ತದ. ತಿಳೀಲಿಲ್ಲಂದ್ರ ಒಂದಕ್ಷರಾನೂ ಮುಟ್ಟೂದಿಲ್ಲ. ನಿಂತು ನಿನ್ನ ಕೇಳ್ತದ.”

“ಮತ್ತ... ನೀವು?”

ಜಯಂತ ಪರದೆಯಿಂದ ಅವಳತ್ತ ತಿರುಗಿದ.

“ಕೇಳ್ತೀನಿ, ನಾಗೂ. ಈಗ್ಲೇ ಕೇಳ್ತೀನಿ... ನನ್ನ ಕೂಡ ಇರ್ತೀಯೇನು?”

ನಾಗರತ್ನಾ ಸೆರಗಿನಿಂದ ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು. ಮೂಲ ಹಾಗೇ ಉಳಿದು, ಅದರ ಪಕ್ಕದಲ್ಲಿ ಇನ್ನೊಂದು ಫೈಲು ಬಂದು ಕೂತಿತು.

“ಇರ್ತೇನಿ,” ಎಂದಳು. “ತಪ್ಪು ಮಾಡಿದ ದಿನಾನೇ ಹೇಳೂದಾದ್ರ.”