ಅಳಿಸಿಹೋದ ಬುಧವಾರ

ಎರಡನೇ ಟ್ಯಾಂಕಿನ ಏಳನೇ ಹಲಗೆ ಎತ್ತಿದಾಗ ಒಂದು ಕೈ ಕಂಡಿತು.

ಎತ್ತಿದ ಇಬ್ಬರು ಲೋಡರ್‌ಗಳು ಹಲಗೆಯನ್ನು ಅಲ್ಲೇ ಬಿಟ್ಟು ಹಿಂದೆ ಸರಿದರು. ಮರವಂತೆಯ ಆ ಐಸ್ ಪ್ಲಾಂಟಿನಲ್ಲಿ ಇದ್ದದ್ದು ಎರಡು ಟ್ಯಾಂಕುಗಳು. ಒಳಗೆ ಕೊರೆಯುವ ಉಪ್ಪುನೀರು, ಅದರಲ್ಲಿ ಸಾಲಾಗಿ ಐಸ್ ಕಟ್ಟುವ ತಗಡಿನ ಡಬ್ಬಗಳು, ಮೇಲೆ ಮರದ ಹಲಗೆಗಳು. ಒಂದು ಸಾಲು ಡಬ್ಬ ತೆಗೆದು ಮಾಡಿದ ಜಾಗದಲ್ಲಿ ಪ್ಲಾಂಟಿನ ಆಪರೇಟರ್ ಪಾಂಡು ಮಲಗಿದ್ದ. ಅವನು ಕಾಣೆಯಾಗಿ ಏಳು ದಿನವಾಗಿತ್ತು.

ಅದು ಜುಲೈ ತಿಂಗಳು. ಯಾಂತ್ರಿಕ ದೋಣಿಗಳಿಗೆ ಮಳೆಗಾಲದ ರಜೆ. ಆಗಸ್ಟ್‌ವರೆಗೆ ಒಂದೇ ಟ್ಯಾಂಕ್ ಸಾಕೆಂದು ಎರಡನೆಯದನ್ನು ಮುಚ್ಚಿಟ್ಟಿದ್ದರು. ಆದರೆ ಆ ಬೆಳಿಗ್ಗೆ ಕಡಲು ಸ್ವಲ್ಪ ತಣ್ಣಗಾದ ಹೊತ್ತಿಗೆ ಹೊರಟ ನಾಡದೋಣಿಯವರ ಬಲೆಗೆ ರಾಶಿ ಸಿಗಡಿ ಬಿತ್ತು. ದಡಕ್ಕೆ ಬಂದವರು ಐಸ್ ಕೇಳಿದರು. ಒಂದನೇ ಟ್ಯಾಂಕ್ ಬರಿದಾಯಿತು. ಪ್ಲಾಂಟಿನ ಯಜಮಾನ ರತ್ನಾಕರ, ಮೇ ಕೊನೆಗೆ ಕಟ್ಟಿದ ಐಸ್ ಎರಡನೆಯದರಲ್ಲಿದೆ, ತೆಗೆಯಿರಿ ಎಂದರು. ತೆಗೆದಾಗ ಸಿಕ್ಕಿದ್ದು ಪಾಂಡು.

* * *

ಸುಗುಣ ಕುಂದಾಪುರದಿಂದ ಸ್ಕೂಟರಿನಲ್ಲಿ ಬಂದು ಇಳಿದಾಗ ಮಧ್ಯಾಹ್ನ. ಅವಳದು ಕಂಪ್ಯೂಟರ್ ರಿಪೇರಿ ಮತ್ತು ಕ್ಯಾಮೆರಾ ಕೂರಿಸುವ ಅಂಗಡಿ. ಈ ಪ್ಲಾಂಟಿನ ನಾಲ್ಕು ಕ್ಯಾಮೆರಾಗಳನ್ನು ಎರಡು ವರ್ಷದ ಹಿಂದೆ ಕೂರಿಸಿದವಳೂ ಅವಳೇ. ರೆಕಾರ್ಡಿಂಗ್ ತೆಗೆದುಕೊಡಬೇಕೆಂದು ಎಸ್‌ಐ ಯತೀಶ್ ಕರೆಸಿದ್ದರು. ಶಾಲೆಯಿಂದ ಬರುವ ಮಗಳಿಗೆ ಅನ್ನ ಬಡಿಸಲು ಪಕ್ಕದ ಮನೆಯವರಿಗೆ ಹೇಳಿ, ಬಂದ ಕೆಲಸ ಬೇಗ ಮುಗಿಯಲಿ ಎಂದುಕೊಳ್ಳುತ್ತಲೇ ಹೊರಟಿದ್ದಳು. ಕ್ಯಾಮೆರಾ ಚೆನ್ನಾಗಿದೆ ಎಂದು ಯಾರೂ ಫೋನ್ ಮಾಡುವುದಿಲ್ಲ. ಕಳೆದ ವಾರವೂ ಈ ಪ್ಲಾಂಟಿನಿಂದ ಚಿತ್ರ ಮಸುಕು ಎಂಬ ದೂರು ಬಂದಿತ್ತು. ಬಾಣಲೆಯಲ್ಲಿ ಬಂಗುಡೆ ತಿರುವಿ ಹಾಕುತ್ತಲೇ ಅವಳು ಸರಿಪಡಿಸುವ ದಾರಿ ಹೇಳಿದ್ದಳು.

ಗೇಟಿನ ಬಳಿ ಪೊಲೀಸ್ ಜೀಪು. ಒಳಗೆ ಲೋಡರ್ ರತನ್ ತಲೆ ತಗ್ಗಿಸಿ ಕುಳಿತಿದ್ದ. ಹೊರಗೆ ಅವನ ಹೆಂಡತಿ ಧನ್ಯಶ್ರೀ, ಸೊಂಟದಲ್ಲಿ ಎರಡು ವರ್ಷದ ಮಗು.

ರತನ್ ಮೇಲೆ ಸಂಶಯ ಬಂದದ್ದು ಸುಮ್ಮನೆ ಅಲ್ಲ. ಏಪ್ರಿಲ್‌ನಲ್ಲಿ ಇದೇ ಪ್ಲಾಂಟಿನಲ್ಲಿ ಅಮೋನಿಯಾ ಸೋರಿ ಧನ್ಯಶ್ರೀಯ ಅಣ್ಣ ಮುತ್ತ ಸತ್ತಿದ್ದ. ಒಂಬತ್ತು ದಿನ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡಿ ಸತ್ತದ್ದು. ಆಪರೇಟರ್ ಪಾಂಡುವಿನ ಕೈತಪ್ಪು ಎಂದು ಪ್ಲಾಂಟಿನವರು ಬರೆದುಕೊಟ್ಟಿದ್ದರು. ಕಳೆದ ಮಂಗಳವಾರ ರತನ್ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಪಾಂಡುವಿನ ಕಾಲರ್ ಹಿಡಿದ. ಬುಧವಾರ ಪಾಂಡು ಕಾಣೆಯಾದ. ಹೆದರಿ ಎಲ್ಲೋ ಹೋಗಿದ್ದಾನೆ, ಬರುತ್ತಾನೆ ಎಂದು ಎಲ್ಲರೂ ಅವನ ತಾಯಿಗೆ ಸಮಾಧಾನ ಹೇಳಿದ್ದರು.

ಧನ್ಯಶ್ರೀ ಸುಗುಣಳ ಕೈ ಹಿಡಿದಳು. ಕೈ ಬಿಸಿಯಾಗಿತ್ತು.

"ಅಕ್ಕ, ಅಣ್ಣ ಹೋದ. ಇವ್ರೂ ಜೈಲಿಗ್ ಹೋರೆ ನಾ ಈ ಮಗುನ್ ಕಟ್ಕಂಡ್ ಎಂತ ಮಾಡುದ್? ಕ್ಯಾಮೆರಾದಗೆ ಇದ್ದದ್ದ್ ಇದ್ದಾಂಗೆ ತೋರ್ಸಿ. ಅಷ್ಟ್ ಸಾಕ್."

ತೋರಿಸುತ್ತೇನೆ ಎಂದು ಸುಗುಣ ಮಾತು ಕೊಟ್ಟಳು. ಕೊಟ್ಟ ಮೇಲೆ ಒಳಗೆ ಹೋದಳು.

* * *

ಕಂಪ್ಯೂಟರ್ ಆಫೀಸಿನ ಕಪಾಟಿನಲ್ಲಿತ್ತು. ಯತೀಶ್ ಬೇಕಾದ್ದನ್ನು ಎರಡೇ ಮಾತಿನಲ್ಲಿ ಹೇಳಿದರು. ಪಾಂಡುವಿನ ಮನೆ ಹೊಳೆಯ ನಡುವಿನ ಪುಟ್ಟ ದ್ವೀಪ, ಕುದ್ರುವಿನಲ್ಲಿ. ಬುಧವಾರ ಬೆಳಿಗ್ಗೆ ಆರು ಗಂಟೆಗೆ ಅವನನ್ನು ಈಚೆ ದಡಕ್ಕೆ ಬಿಟ್ಟದ್ದಾಗಿ ದೋಣಿಯವನು ಹೇಳಿದ್ದಾನೆ. ಆಮೇಲೆ ಅವನನ್ನು ಕಂಡವರಿಲ್ಲ. ಆ ಬೆಳಗಿನ ಚಿತ್ರ ಬೇಕು.

ಸುಗುಣ ಹುಡುಕಿದಳು. ಇಂದು ಇತ್ತು. ನಿನ್ನೆ ಇತ್ತು. ಸೋಮವಾರ, ಭಾನುವಾರ ಇದ್ದವು. ಶನಿವಾರದ ಮಧ್ಯಾಹ್ನಕ್ಕಿಂತ ಹಿಂದೆ ಏನೂ ಇರಲಿಲ್ಲ.

ರತ್ನಾಕರ ಕುರ್ಚಿಯಲ್ಲಿ ಕುಸಿದವರು ಎದ್ದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದವನು ಅವರ ಮಗ ನಿತೇಶ್, ಪ್ಲಾಂಟಿನ ವ್ಯವಹಾರ ನೋಡಿಕೊಳ್ಳುವವನು. ಶುಕ್ರವಾರ ದೊಡ್ಡ ಸಿಡಿಲು ಹೊಡೆದಿತ್ತು, ಡಿಸ್ಕ್ ಹಾಳಾಗಿರಬೇಕು ಎಂದ. ಯತೀಶ್ ನಿಟ್ಟುಸಿರು ಬಿಟ್ಟರು.

ಹಾಳಾಗಿರಬಹುದು. ಆದರೆ ನೋಡದೆ ಹೇಳುವ ಅಭ್ಯಾಸ ಸುಗುಣಳಿಗಿರಲಿಲ್ಲ. ಕ್ಯಾಮೆರಾ ಕೂರಿಸುವಾಗ ರತ್ನಾಕರರಿಗೆ ಬೇಕಾಗಿದ್ದದ್ದು ಎಲ್ಲರ ಅಂಗಡಿಯಲ್ಲಿರುವಂಥ ಸಣ್ಣ ರೆಕಾರ್ಡರ್ ಪೆಟ್ಟಿಗೆ. ಅವಳೇ ಹಟ ಹಿಡಿದು ಕಂಪ್ಯೂಟರ್ ಹಾಕಿಸಿದ್ದಳು. ಕಡಲ ಗಾಳಿಗೆ ಯಾವುದೂ ಬಾಳುವುದಿಲ್ಲ. ಪೆಟ್ಟಿಗೆ ಕೆಟ್ಟರೆ ಎಸೆಯಬೇಕು, ಕಂಪ್ಯೂಟರ್ ಆದರೆ ಕೆಟ್ಟ ಭಾಗ ಮಾತ್ರ ಬದಲಾಯಿಸಬಹುದು. ಒಳಗೆ ಏನೇನು ನಡೆಯಿತೆಂದು ಅದು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದೆ ಕೂಡ.

ಮೊದಲು ಗಡಿಯಾರ ನೋಡಿದಳು. ತನ್ನ ಫೋನಿಗೂ ಅದಕ್ಕೂ ಒಂದು ಸೆಕೆಂಡಿನ ವ್ಯತ್ಯಾಸವಿಲ್ಲ. ಯುಪಿಎಸ್‌ನ ಪ್ಲಗ್ ಕಿತ್ತಳು. ಕಂಪ್ಯೂಟರ್ ಆರಲಿಲ್ಲ. ಸಿಡಿಲು ಬಡಿದ ಗುರುತು ಎಲ್ಲೂ ಇಲ್ಲ. ಡಿಸ್ಕನ್ನು ಪರೀಕ್ಷೆಗೆ ಹಚ್ಚಿದಳು. ಗಟ್ಟಿಮುಟ್ಟಾಗಿತ್ತು.

ಮತ್ತು ಪೂರ್ತಿ ತುಂಬಿತ್ತು.

ಸುಗುಣ ಅಲ್ಲಿಗೆ ನಿಂತಳು. ಕೆಟ್ಟ ಡಿಸ್ಕ್ ಖಾಲಿ ಇರುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಇದು ನಾಲ್ಕು ದಿನದ ಚಿತ್ರದಿಂದಲೇ ತುಂಬಿ, ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುತ್ತಿತ್ತು. ಅವಳು ಕೂರಿಸಿದಾಗ ಹದಿನೈದು ದಿನ ಉಳಿಯುವಂತೆ ಇಟ್ಟಿದ್ದಳು: ಸೆಕೆಂಡಿಗೆ ಎಂಟು ಚಿತ್ರ, ಅದೂ ಕ್ಯಾಮೆರಾದ ಎದುರು ಏನಾದರೂ ಅಲುಗಾಡಿದರೆ ಮಾತ್ರ. ಸೆಟ್ಟಿಂಗ್ ತೆರೆದಳು. ನಾಲ್ಕೂ ಕ್ಯಾಮೆರಾ ಅತಿ ಹೆಚ್ಚಿನ ಗುಣಮಟ್ಟಕ್ಕೆ ಏರಿದ್ದವು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ದಿನದ ಇಪ್ಪತ್ತನಾಲ್ಕು ಗಂಟೆಯೂ ರೆಕಾರ್ಡಿಂಗ್.

ಯಾರೂ ಏನನ್ನೂ ಅಳಿಸಿರಲಿಲ್ಲ. ಅಳಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದರು.

ಅವಳಿಗೆ ಬಾಣಲೆ, ಬಂಗುಡೆ, ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿದ್ದ ಫೋನು ನೆನಪಾದವು. ಬಾಗಿಲಲ್ಲಿ ನಿಂತವನ ಕಡೆ ತಿರುಗಲಿಲ್ಲ. ಕಂಪ್ಯೂಟರಿನ ದಿನಚರಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಎದ್ದಳು.

"ಸರ್, ಹೊರಗಿನ ವಯರ್ ಒಂಚೂರ್ ಕಾಣ್ಕ್. ನೀವೂ ಬನಿ."

* * *

ಲೋಡಿಂಗ್ ಶೆಡ್ಡಿನಲ್ಲಿ ಖಾಲಿ ಮೀನಿನ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸುಗುಣ ವಿವರಿಸಿದಳು. ಕ್ಯಾಮೆರಾದ ಎದುರು ಏನಾದರೂ ಅಲುಗಾಡಿದಾಗ ಕಂಪ್ಯೂಟರ್ ಒಂದು ಸಾಲು ಬರೆಯುತ್ತದೆ: ಯಾವ ಕ್ಯಾಮೆರಾ, ಎಷ್ಟು ಹೊತ್ತಿಗೆ. ಚಿತ್ರ ಅಳಿಸಿಹೋದರೂ ಆ ಸಾಲುಗಳು ಮೂರು ತಿಂಗಳು ಉಳಿಯುತ್ತವೆ. ಬರೀ ಅಕ್ಷರ, ಜಾಗ ಬೇಡ.

ಬುಧವಾರದ ಸಾಲುಗಳು ಹೀಗಿದ್ದವು. ಆರು ಮೂವತ್ತೆಂಟಕ್ಕೆ ಗೇಟು. ಆರು ಮೂವತ್ತೊಂಬತ್ತಕ್ಕೆ ಅಂಗಳ. ಆರು ನಲವತ್ತೊಂದಕ್ಕೆ ಟ್ಯಾಂಕಿನ ಹಾಲ್. ಆರು ನಲವತ್ತೇಳಕ್ಕೆ ಹಿಂದಿನ ಓಣಿ, ಮರುನಿಮಿಷ ಮತ್ತೆ ಹಾಲ್. ಅಲ್ಲಿಂದ ಏಳು ಇಪ್ಪತ್ತಾರರವರೆಗೆ ಹಾಲಿನಲ್ಲಿ ಬಿಡುವಿಲ್ಲದ ಚಲನೆ. ಏಳು ಇಪ್ಪತ್ತೇಳಕ್ಕೆ ಓಣಿ. ಆಮೇಲೆ ಎಂಟು ಇಪ್ಪತ್ತರವರೆಗೆ ಎಲ್ಲೂ ಏನೂ ಇಲ್ಲ. ಎಂಟು ಇಪ್ಪತ್ತಕ್ಕೆ ಗೇಟು. ಅದು ಲೋಡರ್‌ಗಳು ಕೆಲಸಕ್ಕೆ ಬರುವ ಹೊತ್ತು.

ಯತೀಶ್ ಎರಡು ಸಲ ಓದಿದರು.

"ರತನ್ ಪಾಂಡು ಒಟ್ಟಿಗೇ ಗೇಟ್ ದಾಟಿರುಕಾಗ?"

"ದಾಟಿರ್ಲಿ ಸರ್. ಮತ್ತೆ ಹೊರಗ್ ಹೋದ್ದ್ ಹ್ಯಾಂಗೆ? ಎಂಟು ಇಪ್ಪತ್ತರ್ ತನಕ ಗೇಟಲ್ಲ್ ಒಂದ್ ಸಾಲಿಲ್ಲೆ. ಎಂಟು ಇಪ್ಪತ್ತಕ್ಕೆ ಅವ ಎಲ್ಲರೊಟ್ಟಿಗೆ ಹೊರಗಿಂದ ಒಳಗ್ ಬಂದದ್ದನ್ನ ನಾಲ್ಕ್ ಜನ ಕಂಡಿದ್ರ್ ಅಂದ್ ಗೇಟಿನ ಹತ್ರ ಹೇಳ್ತಿದ್ರ್."

"ಓಣಿ ಎಲ್ಲಿಗ್ ಹೋತ್?"

"ಹಿಂದಿನ ಯಜಮಾನ್ರ ಮನಿಗೆ. ಬಾಗ್ಲಿನ ಚಿಲ್ಕ ಇಪ್ಪುದ್ ಮನಿ ಬದಿಯಗೆ."

ಯತೀಶ್ ಜೀಪಿನ ಬಳಿ ಹೋಗಿ, ಮಂಗಳವಾರದ ಜಗಳದಲ್ಲಿ ಪಾಂಡು ಏನು ಹೇಳಿದ ಎಂದು ರತನ್‌ಗೆ ಕೇಳಿದರು. ಬೆಳಿಗ್ಗೆಯಿಂದ ಅದನ್ನು ಯಾರೂ ಕೇಳಿರಲಿಲ್ಲ. ರತನ್ ತಡೆತಡೆದು ಹೇಳಿದ. ಮುತ್ತನನ್ನು ಕೊಂದದ್ದು ತನ್ನ ಕೈಯಲ್ಲ, ಹೊಸದೆಂದು ಹೇಳಿ ಹಾಕಿಸಿದ ಹಳೇ ವಾಲ್ವು ಎಂದು ಪಾಂಡು ಅತ್ತಿದ್ದನಂತೆ. ಆ ವಾಲ್ವನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ, ಶುಕ್ರವಾರ ತನಿಖೆಗೆ ಬರುವ ಅಧಿಕಾರಿಯ ಕೈಗೇ ಕೊಡುತ್ತೇನೆ ಎಂದಿದ್ದನಂತೆ.

"ಇದನ್ನ ಬೇರೆ ಯಾರಿಗ್ ಹೇಳಿದ್ದೆ?"

"ಹೌದಾ ಅಲ್ದಾ ಕೇಂಬುಕೆ ಸಂಜಿಗೆ ನಿತೇಶಣ್ಣನ ಹತ್ರ ಹೋಯಿದ್ದೆ ಸರ್. ವಾಲ್ವ್ ತರ್ಸಿದ್ದ್ ಅವ್ರೇ ಅಲ್ದಾ."

* * *

ಆಫೀಸಿಗೆ ಮರಳಿ ಯತೀಶ್ ಮೊದಲು ಕೇಳಿದ್ದು ರತ್ನಾಕರರನ್ನು. ಮನೆಯ ಬದಿಯ ಬಾಗಿಲು ಎಂದರೆ ಸಂಶಯ ಮೊದಲು ಬೀಳುವುದು ಯಜಮಾನನ ಮೇಲೆ. ಆದರೆ ರತ್ನಾಕರ ಮಂಗಳವಾರ ಸಂಜೆಯೇ ಹೆಂಡತಿಯೊಡನೆ ಕೊಲ್ಲೂರಿಗೆ ಹೋಗಿ, ಲಾಡ್ಜಿನಲ್ಲಿ ಉಳಿದು, ಬೆಳಗಿನ ಪೂಜೆ ಮುಗಿಸಿ ಬುಧವಾರ ಮಧ್ಯಾಹ್ನ ಮರಳಿದ್ದರು. ಜೊತೆಗಿದ್ದ ಕಾರಿನ ಚಾಲಕ ಹೊರಗೇ ಇದ್ದ. ಅವನೂ ಹಾಗೇ ಹೇಳಿದ.

"ಹಾಂಗಾರೆ ಮನಿಯಗೆ ಇದ್ದದ್ದ್ ನೀವೊಬ್ರೇ," ಎಂದು ಯತೀಶ್ ನಿತೇಶನ ಕಡೆ ತಿರುಗಿದರು. "ಓಣಿಯಗೆ ಓಡಾಡಿದ್ದ್ ಯಾರ್?"

"ಬೆಕ್ಕ್ ಇರುಕ್ ಸರ್. ಮನಿ ತುಂಬ ಬೆಕ್ಕ್."

"ಚಿಲ್ಕ ತೆಗಿತ್ತಾ ನಿಮ್ಮನಿ ಬೆಕ್ಕ್?"

ಸುಗುಣ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಕಳೆದ ಗುರುವಾರ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಿತೇಶನ ಕರೆ. ಕಂಪ್ಯೂಟರಿನ ದಿನಚರಿಯ ಪ್ರಕಾರ ಸೆಟ್ಟಿಂಗ್ ಬದಲಾದದ್ದು ಹತ್ತು ಇಪ್ಪತ್ತಕ್ಕೆ.

"ಚಿತ್ರ ಮಸ್ಕ್ ಇತ್ತ್, ಸರಿ ಮಾಡ್ದೆ. ಹ್ಯಾಂಗೆ ಮಾಡುದಂದ್ ಹೇಳಿ ಕೊಟ್ಟದ್ದ್ ಅಕ್ಕನೇ," ಎಂದ ನಿತೇಶ್. "ಡಿಸ್ಕ್ ಬೇಗ ತುಂಬತ್ತ್, ಹಳೇದ್ ಅಳ್ಸಿ ಹೋತ್ ಅಂದ್ಹೇಳಿ ಹೇಳಿದ್ದೂ ಅವ್ರೇ."

ಅದು ನಿಜ. ಸುಗುಣ ಅದನ್ನು ಅಲ್ಲಗಳೆಯಲಿಲ್ಲ. ಎಚ್ಚರಿಕೆ ಎಂದು ಹೇಳಿದ ಮಾತನ್ನು ಇವನು ಉಪಾಯ ಎಂದು ಕೇಳಿಸಿಕೊಂಡಿದ್ದ.

"ಗುಣಮಟ್ಟ ಹೆಚ್ಚು ಮಾಡಿ ಅಂದದ್ದ್ ನಾನೇ," ಎಂದಳು. ದನಿ ಏರಲಿಲ್ಲ. "ಇಡೀ ದಿನ ರೆಕಾರ್ಡ್ ಆಪ್ಪಾಂಗೆ ಇಡಿ ಅಂದ್ ನಾ ಹೇಳ್ಲಿಲ್ಲ. ಚಿತ್ರ ಸ್ಪಷ್ಟ ಆಪ್ಪುಕೆ ಅದ್ ಬ್ಯಾಡ. ಖಾಲಿ ಗೋಡಿ ಕಾಂಬುಕೆ ಡಿಸ್ಕ್ ತುಂಬ್ಸಿದ್ದ್ ಎಂತಕ್ಕೆ?"

ಮಾತು ಬಂದದ್ದು ಕುರ್ಚಿಯಲ್ಲಿ ಕುಸಿದು ಕುಳಿತಿದ್ದ ತಂದೆಯಿಂದ.

"ಬುಧವಾರ ನಾವ್ ಬಪ್ಪತಿಗೆ ನೀ ಓಣಿ ತೊಳಿತಿದ್ದೆ. ಹುಟ್ಟಿದಾಗಿಂದ ಒಂದ್ ಲೋಟ ತೊಳ್ದವನಲ್ಲ ನೀನ್. ಎಂತಕ್ಕೆ ತೊಳ್ದದ್ದ್ ಮಗಾ?"

ನಿತೇಶ್ ಬಾಗಿಲ ಚೌಕಟ್ಟಿಗೆ ಒರಗಿದ. ಹೊರಗೆ ಪೇದೆ ಬಂದು ನಿಂತಿದ್ದ.

ಆಮೇಲೆ ಅವನು ಹೇಳಿದ್ದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಮಾತಾಡೋಣ ಬೇಗ ಬಾ ಎಂದು ಪಾಂಡುವನ್ನು ಕರೆಸಿದ್ದ. ಪಾಂಡು ವಾಲ್ವನ್ನು ಚೀಲದಲ್ಲಿ ತಂದಿದ್ದ, ಆದರೆ ಕೊಡಲಿಲ್ಲ. ಕಿತ್ತಾಟದಲ್ಲಿ ನೂಕಿದಾಗ ತಲೆ ಟ್ಯಾಂಕಿನ ಕಬ್ಬಿಣದ ಅಂಚಿಗೆ ಬಡಿಯಿತು. ಉಸಿರು ಇತ್ತೋ ಇಲ್ಲವೋ ಬಗ್ಗಿ ನೋಡಲಿಲ್ಲ. ಡಬ್ಬ ತೆಗೆದು ಜಾಗ ಮಾಡಿದ, ಒಳಗಿಳಿಸಿದ, ಹಲಗೆ ಮುಚ್ಚಿದ. ವಾಲ್ವನ್ನು ಹೊಳೆಗೆ ಎಸೆದ. ಹೆಣವನ್ನು ಸಾಗಿಸಲು ಆಗಸ್ಟ್‌ವರೆಗೆ ಸಮಯವಿದೆ ಎಂದುಕೊಂಡಿದ್ದ. ಇಲ್ಲಿಯವರೆಗೆ ಅವನು ವ್ಯವಹಾರ ಮಾಡಿದ್ದು ದೊಡ್ಡ ಬೋಟುಗಳ ಜೊತೆ. ಮಳೆಗಾಲದಲ್ಲಿ ಕಡಲಿಗಿಳಿಯುವ ನಾಡದೋಣಿಯವರೂ ಐಸ್ ಕೇಳಿಕೊಂಡು ಬಂದಾರು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ.

ಸುಗುಣಳ ತಲೆಯಲ್ಲಿ ಒಂದೇ ಲೆಕ್ಕ ತಿರುಗುತ್ತಿತ್ತು. ಹಾಲಿನಲ್ಲಿ ಮೂವತ್ತೆಂಟು ನಿಮಿಷದ ಚಲನೆ. ಅದರಲ್ಲಿ ಎಷ್ಟು ನಿಮಿಷ ಪಾಂಡುವಿಗೆ ಉಸಿರಿತ್ತು? ಮರುದಿನ ವೈದ್ಯರ ವರದಿ ಬಂತು. ಶ್ವಾಸಕೋಶದಲ್ಲಿ ಉಪ್ಪುನೀರಿತ್ತು.

* * *

ರತನ್‌ನನ್ನು ಆ ಸಂಜೆಯೇ ಜೀಪಿನಿಂದ ಇಳಿಸಿ, ಅದೇ ಜೀಪಿಗೆ ನಿತೇಶನನ್ನು ಹತ್ತಿಸಿದರು. ಧನ್ಯಶ್ರೀ ಮಗುವನ್ನು ಗಂಡನ ತೋಳಿಗೆ ಕೊಟ್ಟಳು. ಅವನು ಮಗುವನ್ನು ಹಿಡಿದುಕೊಂಡ, ಆದರೆ ಮುಖ ನೋಡಲಿಲ್ಲ.

"ವಾಲ್ವಿನ ಸುದ್ದಿ ಅವ್ನಿಗ್ ಹೇಳಿದ್ದ್ ನಾನೇ ಅಕ್ಕ," ಎಂದ.

ಬೇರೆ ಯಾರಾದರೂ ಆಗಿದ್ದರೆ ಸುಗುಣ ಸಮಾಧಾನ ಹೇಳುತ್ತಿದ್ದಳು. ಇವನಿಗೆ ಹೇಳಲು ಅವಳ ಬಳಿ ಸಮಾಧಾನವಿರಲಿಲ್ಲ. ನಾನೂ ಒಂದು ಮಾತು ಹೇಳಿಕೊಟ್ಟಿದ್ದೆ ಎಂದಷ್ಟೇ ಹೇಳಿದಳು.

ಪಾಂಡುವಿನ ತಾಯಿಗೆ ಇನ್ನೂ ಯಾರೂ ತಿಳಿಸಿರಲಿಲ್ಲ. ಹೊಳೆ ತುಂಬಿತ್ತು, ದಾಟಿ ಹೋಗಿ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ರತನ್ ಮಗುವನ್ನು ಹೆಂಡತಿಗೆ ಮರಳಿಸಿ ದಡದ ಕಡೆ ನಡೆದ. ಸುಗುಣ ಅವನ ಹಿಂದೆ ಹೋದಳು. ದೋಣಿಯವನು ಏನೂ ಕೇಳದೆ ಹುಟ್ಟು ಹಾಕಿದ.

ಮುದುಕಿ ಜಗಲಿಯಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದಳು. ಬಂದವನು ಯಾರೆಂದು ಕಂಡದ್ದೇ ಗರಿಯನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಬಾಗಿಲಿಗೆ ಅಡ್ಡ ನಿಂತಳು.

"ಅವ ಮನಿಯಗ್ ಇಲ್ಲೆ. ಹೋಗ್," ಎಂದಳು. "ನನ್ ಮಗನ್ ಓಡ್ಸಿದ್ದ್ ಸಾಕಾಯ್ಲಿಲ್ಯಾ? ನಿನ್ ಜಗಳ ಇನ್ನೂ ಮುಗಿಲಿಲ್ಯಾ?"

ರತನ್ ಚಪ್ಪಲಿ ಕಳಚಿ, ಮೆಟ್ಟಿಲು ಹತ್ತಿ, ಅವಳ ಕಾಲ ಬಳಿ ಕುಳಿತ.

"ಮುಗೀತ್ ಅಬ್ಬಿ," ಎಂದ.