ಮೀನಿನ ಮೈಮೇಲಿನ ಮಸಿ

"ಅಕ್ಕಾ, ನನ್ನ ಸೊಸೆ ವಿಷ ಹಾಕೋಳಲ್ಲ. ಆರು ವರ್ಷದಿಂದ ನನಗೇ ಹಾಕಿಲ್ಲ, ಇನ್ನು ಕಂಡೋರಿಗೆ ಹಾಕ್ತಾಳಾ?"

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಹೀಗೆಂದ ಹೆಂಗಸಿನ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಸೊಸೆಯ ಪರ ವಾದಿಸಲು ಅತ್ತೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ದೊಡ್ಡಮ್ಮ ಅವಳನ್ನು ಒಳಗೆ ಕರೆದು ಕೂರಿಸಿದಳು.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಮೂವತ್ತೊಂದು ವರ್ಷ ನೂಲಿನ ಗಿರಣಿಯಲ್ಲಿ ಬಣ್ಣ ಹೊಂದಿಸುವ ಕೆಲಸ ಮಾಡಿದವಳು. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಕೆಂಪಿನಲ್ಲಿ ಅವಳು ಹತ್ತು ಕೆಂಪು ಕಾಣುತ್ತಿದ್ದಳು. ನಿವೃತ್ತಿಯಾದ ಮೇಲೆ ಆ ಕಣ್ಣನ್ನು ಜನರ ಮೇಲೆ ಬಿಟ್ಟಳು. ಸುತ್ತಲ ಬೀದಿಗಳಲ್ಲಿ ಪೊಲೀಸರು ಕೈಚೆಲ್ಲಿದ್ದೆಲ್ಲ ನಮ್ಮ ಮನೆಗೆ ಬರುತ್ತಿತ್ತು. ನಾನು ಎಂಟನೇ ತರಗತಿಗೇ ಶಾಲೆಗೆ ಕೈಮುಗಿದು ಲಿಫ್ಟ್ ರಿಪೇರಿಗೆ ಇಳಿದವನು. ಅವಳ ಬದಲು ಏಣಿ ಹತ್ತುವುದು, ಸಿಟ್ಟು ಮಾಡಿಕೊಳ್ಳುವುದು ನನ್ನ ಪಾಲು. ಅದಕ್ಕೇ ಅವಳು ನನ್ನನ್ನು ಸಿಡುಕ ಎನ್ನುತ್ತಾಳೆ.

ಸೊಸೆ ಹೋಮ್ ನರ್ಸ್. ಹಲ್ಲಿನ ಡಾಕ್ಟರೊಬ್ಬನ ಮನೆಯಲ್ಲಿ ಅವನ ಮುದಿ ತಂದೆಯನ್ನು ನೋಡಿಕೊಳ್ಳುತ್ತಿದ್ದಳು. ಬುಧವಾರ ಮಧ್ಯಾಹ್ನ ಡಾಕ್ಟರ್ ಅವಳನ್ನು ಮಾತ್ರೆ ತರಲು ಕಳಿಸಿದ್ದ. ಅವಳು ಮರಳಿದಾಗ ಮುದುಕರು ಉಸಿರಿಗಾಗಿ ಒದ್ದಾಡುತ್ತಿದ್ದರು. ವಿಷವಿರಬೇಕು ಎಂದರು ಆಸ್ಪತ್ರೆಯವರು. ಯಾವ ವಿಷವೆಂದು ಯಾರಿಗೂ ಗೊತ್ತಾಗಲಿಲ್ಲ. ಊಟವಾದ ಮೇಲೆ ಹಾಲು ಕುಡಿಸಿದವಳು ಇವಳೇ. ಉಳಿದ ಹಾಲನ್ನು ಇವಳು ಮೀನಿನ ತೊಟ್ಟಿಗೆ ಸುರಿದಿದ್ದಾಳೆ, ಅದಕ್ಕೇ ಮೀನು ಕಪ್ಪಾಗಿವೆ ಎಂದು ಡಾಕ್ಟರ್ ಪೊಲೀಸರಿಗೆ ಹೇಳಿದ್ದ. ಅಂದೇ ಅವರು ಅವಳನ್ನು ಸ್ಟೇಷನ್ನಿಗೆ ಕರೆದೊಯ್ದಿದ್ದರು.

"ಕೋಣೆ ತುಂಬ ಸಮುದ್ರದ ನಾತ ಇತ್ತು, ಗೋಡೆ ಬೆವರಿತ್ತು ಅಂದ್ಲಂತೆ. ಅದಕ್ಕೆ ಪೊಲೀಸರು ನಕ್ಕರಂತೆ," ಎಂದಳು ಅತ್ತೆ. "ನಾಳೆ ಜೈಲಿಗೆ ಹಾಕ್ತಾರಂತೆ ಅಕ್ಕಾ."

ದೊಡ್ಡಮ್ಮ ಚಪ್ಪಲಿ ಮೆಟ್ಟಿದಳು. "ಸಿಡುಕ, ಚೀಲ ತಗೋ. ಮೊದಲು ಮೀನು ನೋಡೋಣ."

ಡಾಕ್ಟರನ ಕ್ಲಿನಿಕ್ ಕೆಳಗೆ, ಮನೆ ಮೇಲೆ. ಕಣ್ಣು ಕೆಂಪಾಗಿ, ಗಂಟಲು ಕಟ್ಟಿ ಅವನು ಬೊಗಳಿದಂತೆ ಕೆಮ್ಮುತ್ತಿದ್ದ. "ಅಪ್ಪನ ಚಿಂತೇಲಿ ಅತ್ತು ಅತ್ತು ಹೀಗಾಗಿದೆ," ಎಂದ. ಹೆಂಡತಿ ನಮಗೆ ನೀರು ತಂದಳು. ಅವನು ಲೋಟಗಳನ್ನು ಬೆಳಕಿಗೆ ಹಿಡಿದು, "ಕುದಿಯೋ ನೀರಲ್ಲಿ ಅದ್ದಿ ತಾ," ಎಂದು ವಾಪಸು ಕಳಿಸಿದ.

"ನಾವು ಅಷ್ಟು ಗಲೀಜಲ್ಲ ಬಿಡಿ," ಎಂದೆ.

"ಈ ಲಿಫ್ಟಿನವನು ಯಾಕೆ ಬಂದಿದ್ದಾನೆ?"

"ನಾನು ಕೆಳಗೆ ಬಿದ್ದರೆ ಎತ್ತೋಕೆ," ಎಂದು ದೊಡ್ಡಮ್ಮ ತೊಟ್ಟಿಯ ಮುಂದೆ ಕುಳಿತಳು.

ಮಂಚದುದ್ದದ ಗಾಜಿನ ತೊಟ್ಟಿ. ಉಪ್ಪುನೀರು, ನೀಲಿ ದೀಪ, ಬಂಡೆಗಳ ಮೇಲೆ ಜೀವಂತ ಹವಳ. ಕಿತ್ತಳೆ ಮೈಗೆ ಬಿಳಿ ಪಟ್ಟಿ ಕಟ್ಟಿಕೊಂಡ ಎರಡು ಕ್ಲೌನ್ ಮೀನುಗಳ ಪಕ್ಕೆ, ರೆಕ್ಕೆಗಳ ಅಂಚಿಗೆ ಯಾರೋ ಮಸಿಬೆರಳು ಒರೆಸಿದಂತಿತ್ತು. ನಾನು ಕಾಳು ಹಾಕಿದೆ. ಹಸಿದ ನಾಯಿಗಳ ಹಾಗೆ ಬಂದವು. ತಳದಲ್ಲಿ ಸೀಗಡಿಯೊಂದು ಆರಾಮಾಗಿ ಅಡ್ಡಾಡುತ್ತಿತ್ತು. ತಿಂದಾದ ಮೇಲೆ ಮೀನುಗಳು ಉದ್ದ ಬೆರಳುಗಳಿದ್ದ ಒಂದು ಹವಳದೊಳಗೆ ಮೈ ತೂರಿಸಿದವು, ಬೆಚ್ಚಿ ಹೊರಬಂದವು, ಮತ್ತೆ ತೂರಿಸಿದವು. ತೊಟ್ಟಿಯ ಎಡ ಮೂಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಉಳಿದ ಕಡೆ ಪಾಚಿ ಹಿಡಿದ ಮರಳು ಅಲ್ಲಿ ತಟ್ಟೆಯಗಲಕ್ಕೆ ಬೆಳ್ಳಗಿತ್ತು.

"ತೊಟ್ಟಿ ಒಳಗೆ ಏನಾದ್ರೂ ಬದಲಾಯಿಸಿದ್ರಾ?" ಎಂದು ದೊಡ್ಡಮ್ಮ ಡಾಕ್ಟರನನ್ನು ಕೇಳಿದಳು.

"ಮೂರು ತಿಂಗಳಿಂದ ಕೈ ಹಾಕಿಲ್ಲ."

ಗೋಡೆಯಲ್ಲಿ ಮುದುಕರ ಫೋಟೊ ಇತ್ತು, ಹಿಂದೆ ಇದೇ ತೊಟ್ಟಿ. ದೊಡ್ಡಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೆಂಡತಿಯನ್ನು ಮಾತಾಡಿಸುವ ನೆಪದಲ್ಲಿ ಅಡಿಗೆಮನೆಗೆ ಹೋದಳು. ಅಡಿಗೆಮನೆಗೂ ಮುದುಕರ ಕೋಣೆಗೂ ನಡುವೆ ಬರೀ ಪರದೆ. ಅವಳು ಕಣ್ಣು ಮಾಡಿದ ಕಡೆ ಕೈಹಾಕಿ ಅಟ್ಟದಿಂದ ದೊಡ್ಡ ಪಾತ್ರೆಯೊಂದನ್ನು ಇಳಿಸಿದೆ. ಒಳಗೆ ಅರ್ಧದವರೆಗೆ ಉಪ್ಪಿನ ಬಿಳಿ ಗೆರೆ.

"ತಾರಸಿಗೆ ಹೋಗಿ ಬಾ. ಮರೆಯಾಗಿರೋ ಜಾಗ ನೋಡು," ಎಂದು ಪಿಸುಗುಟ್ಟಿದಳು. ನೀರಿನ ಟ್ಯಾಂಕಿನ ಹಿಂದೆ ನನಗೆ ಸಿಕ್ಕಿದ್ದು ತಲೆಗಾತ್ರದ, ತೂತುತೂತಾದ ಕಲ್ಲು. ಮೂಳೆಯಷ್ಟು ಬಿಳುಪು.

ಸಂಜೆ ಐದಕ್ಕೆ ಎಲ್ಲರೂ ಆ ತೊಟ್ಟಿಯ ಮುಂದೆ ಸೇರಿದೆವು. ಡಾಕ್ಟರ್, ಅವನ ಹೆಂಡತಿ, ದೊಡ್ಡಮ್ಮನ ಮಾತಿಗೆ ಬೆಲೆ ಕೊಟ್ಟು ನರ್ಸನ್ನು ಕರೆತಂದಿದ್ದ ಇನ್ಸ್‌ಪೆಕ್ಟರ್, ಸೊಸೆಯ ಕೈ ಬಿಡದ ಅತ್ತೆ. ಡಾಕ್ಟರನಿಗೆ ಮೀನು ಮಾರಿದ್ದ ಅಂಗಡಿಯವನನ್ನು ನಾನೇ ಎಳೆದು ತಂದಿದ್ದೆ.

"ಮೀನನ್ನ ಸಾಕ್ಷಿಗೆ ಕರೆದೋರು ಡಾಕ್ಟ್ರೇ," ಎಂದು ದೊಡ್ಡಮ್ಮ ಶುರು ಮಾಡಿದಳು. "ಅವು ಹೇಳೋದನ್ನ ಕೇಳೋಣ. ನೂಲನ್ನ ಬಣ್ಣದ ನೀರಲ್ಲಿ ಮುಳುಗಿಸಿದ್ರೆ ಎಲ್ಲ ಎಳೆಗೂ ಹತ್ತುತ್ತೆ. ಎಲ್ಲೋ ಉಜ್ಜಿಕೊಂಡು ಬಂದಿದ್ರೆ ತಾಗಿದ ಕಡೆ ಮಾತ್ರ ಕಲೆ. ಇಲ್ಲಿರೋದು ಉಜ್ಜಿದ ಕಲೆ. ನೀರಿಗೇ ವಿಷ ಬಿದ್ದಿದ್ರೆ ಆ ಸೀಗಡಿ ಇಷ್ಟೊತ್ತಿಗೆ ಸತ್ತಿರ್ತಿತ್ತು."

ಅಂಗಡಿಯವನು ತಲೆಯಾಡಿಸಿದ. "ನಿಜ ಅಮ್ಮಾ. ಅಭ್ಯಾಸ ಇಲ್ಲದ ಹವಳದಲ್ಲಿ ಮನೆ ಮಾಡೋಕೆ ಹೋದ್ರೆ ಅದು ಚುಚ್ಚುತ್ತೆ. ಕೆಲವು ಮೀನಿಗೆ ಹೀಗೆ ಕಪ್ಪು ಬರುತ್ತೆ, ರೂಢಿ ಆದ್ಮೇಲೆ ಹೋಗುತ್ತೆ."

"ಹೊಸ ಮನೆ ಯಾಕೆ ಬೇಕಾಯ್ತು? ಹಳೇದು ಹೋಯ್ತು, ಅದಕ್ಕೆ." ಅವಳು ಗೋಡೆಯ ಫೋಟೊ ತೋರಿಸಿದಳು. ಅದರಲ್ಲಿ ಎಡ ಮೂಲೆಯ ಬಂಡೆಯ ಮೇಲೆ ಹೂವಿನ ಹಾಗೆ ಅರಳಿದ ಅನಿಮೋನ್ ಎಂಬ ಕಡಲಜೀವಿ, ಅದರೊಳಗೆ ಎರಡು ಮೀನು. ಬಂಡೆಯ ಬುಡದಲ್ಲಿ ಅಂಗಿಗುಂಡಿಯಂಥ ಸಣ್ಣ ಜೀವಿಗಳ ಗುಂಪು. "ಈ ಗುಂಡಿಗಳು ಏನಪ್ಪಾ?"

"ಬಟನ್ ಹವಳ. ಕಳೆ ಇದ್ದ ಹಾಗೆ, ಹಬ್ಬಿದ್ರೆ ಅನಿಮೋನನ್ನೂ ಉಳಿಸಲ್ಲ. ಇವುಗಳಲ್ಲಿ ಕೆಲವಕ್ಕೆ ಭಾರೀ ವಿಷ ಇರುತ್ತೆ. ಬಂಡೆ ಕುದಿಸಬಾರದು, ಆವಿಯಲ್ಲೇ ವಿಷ ಬರುತ್ತೆ ಅಂತ ಎಲ್ಲ ಗಿರಾಕಿಗೂ..." ಅವನ ಮಾತು ನಿಂತಿತು. ನಾನು ಆ ಬಿಳಿ ಕಲ್ಲನ್ನೂ ಪಾತ್ರೆಯನ್ನೂ ಮೇಜಿನ ಮೇಲೆ ಇಟ್ಟಿದ್ದೆ.

"ಹಲ್ಲಿನ ಡಾಕ್ಟ್ರ ಕೈ ಇದು," ಎಂದಳು ದೊಡ್ಡಮ್ಮ. "ಇಕ್ಕಳ ಇರಲಿ, ಲೋಟ ಇರಲಿ, ಕುದಿಸಿದ್ರೆ ಶುದ್ಧ. ಗುಂಡಿ ಹವಳ ಹಬ್ಬಿ ಅನಿಮೋನನ್ನ ತಿಂದ ಬಂಡೆಗೂ ಅದೇ ನ್ಯಾಯ. ನಿಮ್ಮ ಹೆಂಡತಿ ಕೆಲಸಕ್ಕೆ ಹೋಗಿದ್ರು. ನರ್ಸನ್ನ ಮಾತ್ರೆಗೆ ಕಳಿಸಿ ಒಲೆ ಹಚ್ಚಿ ನೀವು ಕ್ಲಿನಿಕ್ಕಿಗೆ ಇಳಿದ್ರಿ. ಪರದೆ ಆಚೆ ತಂದೆಯೋರು ಮಲಗಿದ್ರು. ನೀವು ಬಂದು ಪಾತ್ರೆ ಇಳಿಸಿ ಹೋದ್ರಿ; ಆ ಒಂದು ಗಳಿಗೆಗೇ ನಿಮ್ಮ ಗಂಟಲು ಹೀಗಾಯ್ತು. ಅತ್ತರೆ ಕಣ್ಣು ಕೆಂಪಾಗುತ್ತೆ ಡಾಕ್ಟ್ರೇ, ಈ ಕೆಮ್ಮು ಬರಲ್ಲ. ಈ ಹುಡುಗಿ ಹೇಳಿದ ಸಮುದ್ರದ ನಾತ, ಬೆವರಿದ ಗೋಡೆ ಎರಡೂ ನಿಜ."

ನರ್ಸ್ ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮಿದಳು. ಅದೇ ಕೆಮ್ಮು. ನಾಲ್ಕು ದಿನ ಸ್ಟೇಷನ್ನಿನಲ್ಲಿ ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

"ಬೇಕಂತ ಮಾಡಲಿಲ್ಲ," ಎಂದ ಡಾಕ್ಟರ್.

"ಕುದಿಸಿದ್ದು ತಪ್ಪು ಅಂತಲೇ ಇಟ್ಕೊಳ್ಳೋಣ. ಗೊತ್ತಾಗಿದ್ದು ಯಾವಾಗ?"

ಹೆಂಡತಿ ಕೇಳಿದಳು: "ಯಾವಾಗ ಅಂತ ಕೇಳ್ತಿದ್ದಾರೆ, ಹೇಳ್ರೀ."

"ಬುಧವಾರ ಸಂಜೆ. ಅಂಗಡಿಯವನು ಹೇಳಿದ್ದು ನೆನಪಾಯ್ತು."

"ಅಲ್ಲಿ ಮಾವನಿಗೆ ಸುಮ್ಮನೆ ಯಾವ್ಯಾವುದೋ ವಿಷಕ್ಕೆ ಮದ್ದು ಕೊಡ್ತಿದ್ದಾರೆ! ನೀವು ಹಾಸಿಗೆ ಪಕ್ಕದಲ್ಲೇ ಕೂತು ಬಾಯಿ ಬಿಡಲಿಲ್ಲ?"

"ಕ್ಲಿನಿಕ್ ಮುಚ್ಚಬೇಕಾಗ್ತಿತ್ತು ಕಣೇ. ಅಪ್ಪನಿಗೇ ವಿಷ ಹಾಕಿದವನ ಹತ್ರ ಹಲ್ಲು ತೋರಿಸೋಕೆ ಯಾರು ಬರ್ತಾರೆ?"

ನನ್ನ ಮುಷ್ಟಿ ಬಿಗಿಯಿತು. ದೊಡ್ಡಮ್ಮ ತಿರುಗಿಯೂ ನೋಡದೆ ನನ್ನ ಮಣಿಕಟ್ಟು ಹಿಡಿದಳು. ಅವಳು ಹಿಡಿಯದಿದ್ದರೆ ಆ ಡಾಕ್ಟರನ ಹಲ್ಲನ್ನು ಬೇರೆ ಡಾಕ್ಟರ್ ನೋಡಬೇಕಾಗುತ್ತಿತ್ತು.

ಹೆಂಡತಿ ಆಗಲೇ ಆಸ್ಪತ್ರೆಗೆ ಫೋನ್ ಮಾಡಿದ್ದಳು. ಹವಳದ ವಿಷ ಎಂದು ಅಂಗಡಿಯವನು ಅದರ ಹೆಸರು ಹೇಳಿದ. ಅತ್ತ ಕಡೆಯ ವೈದ್ಯೆಯ ದನಿ ಕೋಣೆಗೆಲ್ಲ ಕೇಳಿಸಿತು: "ಎಷ್ಟು ಹೊತ್ತಿಗೆ ಶುರುವಾಯ್ತು? ಮೊದಲು ಏನಾಯ್ತು? ಸರಿಯಾಗಿ ಗೊತ್ತಿರೋರು ಹೇಳಿ, ಬೇಗ."

ಹೆಂಡತಿ ಗಂಡನನ್ನು ನೋಡಿದಳು. ಅವನು ನೆಲ ನೋಡಿದ. ಪಾತ್ರೆ ಇಳಿಸಲು ಬಂದವನು ಪರದೆ ಸರಿಸಿ ಇಣುಕಿಯೂ ಇರಲಿಲ್ಲ.

ನರ್ಸ್ ಅತ್ತೆಯ ಕೈಯಿಂದ ಕೈ ಬಿಡಿಸಿಕೊಂಡು ಮುಂದೆ ಬಂದು ಫೋನ್ ತೆಗೆದುಕೊಂಡಳು. ಮುಂದಿನ ಐದು ನಿಮಿಷದ ಮಾತಿನಿಂದಲೇ ಚಿಕಿತ್ಸೆಯ ದಾರಿ ಬದಲಾಯಿತೆಂದೂ ಮುದುಕರು ಉಳಿದರೆಂದೂ ಆಸ್ಪತ್ರೆಯವರು ಆಮೇಲೆ ನಮಗೆ ಹೇಳಿದರು. ಆಗ ನಮಗೆ ಕಂಡದ್ದು ನಾಲ್ಕು ದಿನದಿಂದ ತಲೆ ಬಾಚದ ಒಬ್ಬ ಹೆಂಗಸು ಬೆನ್ನು ನೆಟ್ಟಗೆ ಮಾಡಿದ್ದಷ್ಟೇ.

"ಬರ್ಕೊಳ್ಳಿ ಡಾಕ್ಟ್ರೇ. ನಾನು ಮಾತ್ರೆ ತಂದಾಗ ಮೂರು ಗಂಟೆ ಹತ್ತು ನಿಮಿಷ. 'ಬಾಯೆಲ್ಲ ಕಹಿ, ಕಬ್ಬಿಣ ನೆಕ್ಕಿದ ಹಾಗಿದೆ ಮಗಳೇ' ಅಂದ್ರು. ಆಮೇಲೆ ಎಡಗೈ ಅದುರ್ತು..."

ಇನ್ಸ್‌ಪೆಕ್ಟರ್ ಜೇಬಿನಿಂದ ಪುಸ್ತಕ ತೆಗೆದು, "ಸ್ವಲ್ಪ ನಿಧಾನವಾಗಿ ಹೇಳಮ್ಮಾ," ಎಂದ.

ಅವಳು ಅವನ ಕಡೆ ತಿರುಗಲಿಲ್ಲ, ನಿಧಾನವೂ ಮಾಡಲಿಲ್ಲ.