ನಿಂತು ನಿಂತು ಓಡಿದ ಮೋಟಾರು

ದೋಣಿ ಸಿಕ್ಕಿದ್ದು ಬಲ್ಖಾಶ್ ಸರೋವರದ ಜೊಂಡಿನಲ್ಲಿ. ಮೀನುಗಾರ ತನಾತ್ ಸಿಕ್ಕಿದ್ದು ಅಲ್ಲಿಂದ ಕೂಗಳತೆ ದೂರದಲ್ಲಿ, ನೀರಿನೊಳಗೆ. ಮೋಟಾರಿನ ಹಗ್ಗ ಎಳೆದೆಳೆದು ಅವನ ಬಲಗೈಯ ಚರ್ಮ ಕಿತ್ತುಹೋಗಿತ್ತು. ಮೋಟಾರಿಗೆ ಏನೂ ಆಗಿರಲಿಲ್ಲ. ಡಬ್ಬದಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿತ್ತು.

ಮತ್ತೇಕೆ ನಿಂತಿತು?

"ತಾನಾಗಿ ನಿಲ್ಲಲಿಲ್ಲ, ನಿಲ್ಲಿಸಿದ್ರು," ಎಂದಳು ಅವನ ಹೆಂಡತಿ ರೌಶನ್. ತುಂಬು ಬಸುರಿ. "ಪೆಟ್ರೋಲಿಗೆ ನೀರು ಬೆರೆಸಿದಾರೆ. ಯಾರು ಅಂತ ಊರಿಗೆಲ್ಲ ಗೊತ್ತು."

ಅವಳು ಬೆರಳು ತೋರಿದ್ದು ಗಂಡನ ಅಣ್ಣ ಒರಾಜ್‌ಬಾಯ್ ಕಡೆಗೆ. ಬಲೆ ಹಾಕುವ ಜಾಗಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ತಮ್ಮನ ಹೆಣಕ್ಕೆ ಹೆಗಲು ಕೊಡಲು ಬಂದವನನ್ನು ರೌಶನ್ ಬಾಗಿಲಿನಿಂದಲೇ ಅಟ್ಟಿದ್ದಳು.

ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಕಾಮ್ಶಾತ್‌ಗೆ ಇದು ಪರರ ಸಾವಲ್ಲ. ಶಾಲೆಯಲ್ಲಿ ತನಾತ್ ಅವಳ ಪಕ್ಕದ ಬೆಂಚಿನವನು. ದುಃಖವನ್ನು ನುಂಗಿಕೊಂಡು ಅವಳು ಒರಾಜ್‌ಬಾಯ್ ಎದುರು ಕುಳಿತಳು.

"ಆ ಸಂಜೆ ಎಲ್ಲಿದ್ರಿ, ಅಣ್ಣ?"

"ದಡದಲ್ಲಿ. ಬಲೆ ಹೊಲೀತಿದ್ದೆ."

"ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು. ಅವನ ಮೋಟಾರೇ. ಶುರುವಾಗೋದು, ನಿಲ್ಲೋದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಗೋದು, ಮತ್ತೆ ನಿಲ್ಲೋದು."

"ಗಾಳಿ ಎದ್ದಿತ್ತಲ್ಲ! ಯಾಕೆ ಹೋಗ್ಲಿಲ್ಲ?"

"ನಿಲ್ಲಿಸಿ ನಿಲ್ಲಿಸಿ ನನ್ನ ಬಲೆ ಎತ್ತುತಿದಾನೆ ಅಂದ್ಕೊಂಡೆ. ಎತ್ತಲಿ, ನಾಳೆ ವಿಚಾರಿಸ್ಕೋತೀನಿ ಅಂತ..." ಅವನು ಹಣೆ ಚಚ್ಚಿಕೊಂಡ. "ನಾಳೆಯಂತೆ, ನಾಳೆ!"

ಪೇದೆ ದೋಸಿಮ್ ಡಬ್ಬದ ಪೆಟ್ರೋಲನ್ನು ಗಾಜಿನ ಸೀಸೆಗೆ ಸುರಿದು ಇಟ್ಟಿದ್ದ. ನೀರಿದ್ದರೆ ತಳದಲ್ಲಿ ಬೇರೆಯಾಗಬೇಕಿತ್ತು. ಒಂದು ಹನಿಯೂ ಇರಲಿಲ್ಲ. ಬೇರೆ ಡಬ್ಬ ಜೋಡಿಸಿದರೆ ಮೋಟಾರು ಒಮ್ಮೆಯೂ ಕೆಮ್ಮದೆ ಓಡಿತು.

"ಮುಚ್ಚಳದ ಮೇಲಿನ ಗಾಳಿಯ ತಿರುಪು?"

"ಅದನ್ನೇ ಮೊದಲು ನೋಡಿದ್ದು, ಮೇಡಂ. ಅದು ಮುಚ್ಚಿದ್ರೆ ಒಳಗೆ ಗಾಳಿ ಹೋಗಲ್ಲ, ಪೆಟ್ರೋಲ್ ಇಳಿಯಲ್ಲ. ಆದ್ರೆ ಪೂರ್ತಿ ತೆರೆದಿತ್ತು. ದೇವರ ಇಚ್ಛೆ ಅನ್ನಿ, ಮುಗಿಸಿಬಿಡಿ."

ಕಾಮ್ಶಾತ್ ದೋಣಿಯ ಫೋಟೊಗಳನ್ನು ಹರಡಿದಳು. ಒಂದರ ಮೇಲೆ ಕಣ್ಣು ನಿಂತಿತು. ಫೋಟೊದಲ್ಲಿ ಪ್ಲಾಸ್ಟಿಕ್ ಡಬ್ಬದ ಎರಡೂ ಪಕ್ಕೆಗಳು ಒಳಗೆ ಕುಸಿದಿದ್ದವು. ಈಗ ಎದುರಿಗಿದ್ದ ಡಬ್ಬ ಮಾತ್ರ ನೆಟ್ಟಗಿತ್ತು!

"ಅಲೆಗೆ ಬಡಿದು ತಗ್ಗಾಗಿರ್ಬೇಕು," ಎಂದ ದೋಸಿಮ್.

"ಸರಿ, ಮತ್ತೆ ಉಬ್ಬಿದ್ದು ಯಾವಾಗ?"

ಅವನು ಡಬ್ಬದ ಕಡೆ ತಿರುಗಿದ. "ಪೆಟ್ರೋಲ್ ಸುರಿಯೋಕೆ ಮುಚ್ಚಳ ತಿರುಗಿಸಿದಾಗ... ಉಸ್ಸ್ ಅಂತು."

ಕಾಮ್ಶಾತ್ ಮುಚ್ಚಳವನ್ನು ಎತ್ತಿ ಬೋರಲು ಮಾಡಿದಳು. ಒಳಗೆ ನೋಡಿದಳು. ಅಲ್ಲಿ ಕೂತಿದ್ದುದನ್ನು ಬಿಡಿಸಿ ಜೇಬಿಗೆ ಹಾಕಿಕೊಂಡಳು.

ಮರುದಿನ ಒರಾಜ್‌ಬಾಯ್‌ನನ್ನು ಕರೆದುಕೊಂಡೇ ರೌಶನ್ ಮನೆಗೆ ಹೋದಳು. ರೌಶನ್ ಮುಖ ತಿರುಗಿಸಿದಳು.

"ರೌಶನ್, ಪೆಟ್ರೋಲ್ ಡಬ್ಬ ಎಲ್ಲಿಡ್ತಿದ್ರಿ?"

"ಒಳಗೆ, ಹೊಸ್ತಿಲ ಪಕ್ಕ. ಹೊರಗಿಟ್ರೆ ಕದೀತಾರಲ್ಲ."

"ವಾಸನೆ ಬರ್ತಿರ್ಲಿಲ್ವಾ?"

"ಅಯ್ಯೋ, ಮುಚ್ಚಳದ ಸುತ್ತ ಜಿನುಗೋದು. ಹೊಟ್ಟೆಯಲ್ಲಿ ಒಂದು ತುತ್ತು ನಿಲ್ತಿರ್ಲಿಲ್ಲ. ಅವರು ಹೋಗೋ ಹಿಂದಿನ ದಿನ ನಾನೇ ಹಳೇ ಬೂಟಿನ ರಬ್ಬರು ದುಂಡಗೆ ಕತ್ತರಿಸಿ ಮುಚ್ಚಳದ ಒಳಗೆ ಕೂರಿಸ್ದೆ. ವಾಸನೆ ನಿಂತೇಹೋಯ್ತು."

"ತನಾತ್‌ಗೆ ಹೇಳಿದ್ರಾ?"

"ಹೇಳಿದ್ರೆ ನನಗೋಸ್ಕರ ಡಬ್ಬ ಹೊರಗಿಟ್ಟು ರಾತ್ರಿಯೆಲ್ಲ ಕಾಯ್ತಾ ಕೂರೋರು. ಅದಕ್ಕೇ ಹೇಳ್ಲಿಲ್ಲ."

ಕಾಮ್ಶಾತ್ ಮೇಜಿನ ಮೇಲೆ ಕಪ್ಪು ರಬ್ಬರ್ ಬಿಲ್ಲೆಯನ್ನಿಟ್ಟಳು. ಹೇಳದೆ ಹೋಗಬಹುದಿತ್ತು. ಆದರೆ ಎದುರಿಗೆ, ಮಾಡದ ಕೊಲೆಯನ್ನು ಹೊತ್ತು ಒಬ್ಬ ಮನುಷ್ಯ ನಿಂತಿದ್ದ.

"ಮೇಲೆ ತಿರುಪು ತೆರೆದಿತ್ತು, ಅದನ್ನೇ ಎಲ್ಲರೂ ನೋಡಿದ್ವಿ. ಕೆಳಗೆ ಗಾಳಿಯ ತೂತನ್ನ ಇದು ಮುಚ್ಚಿತ್ತು. ಮೋಟಾರು ಪೆಟ್ರೋಲ್ ಎಳೀತು, ಗಾಳಿ ಒಳಗೆ ಬರ್ಲಿಲ್ಲ. ಡಬ್ಬ ಕುಸೀತು, ಮೋಟಾರು ನಿಂತಿತು. ಸ್ವಲ್ಪ ಬಿಟ್ರೆ ಒಂದಿಷ್ಟು ಇಳಿಯೋದು, ಮತ್ತೆ ನಿಲ್ಲೋದು. ನಿಮ್ಮ ಭಾವ ಕೇಳಿಸ್ಕೊಂಡಿದ್ದು ಅದನ್ನೇ. ಅವರು ಡಬ್ಬ ಮುಟ್ಟಿಲ್ಲ, ರೌಶನ್. ಮೋಟಾರು ನಿಲ್ಸಿದ್ದು ಈ ರಬ್ಬರು. ಇಟ್ಟಿದ್ದು... ನೀವು."

ಗೋಡೆ ಹಿಡಿದು ನಿಂತಿದ್ದ ಒರಾಜ್‌ಬಾಯ್ ಬಿಕ್ಕಿದ. "ಅವಳದೇನು ತಪ್ಪು? ಕಿವಿ ಇದ್ದವನು ನಾನು. ಹೋಗಿದ್ರೆ ಬದುಕ್ತಿದ್ದ."

ರೌಶನ್ ಅಳಲಿಲ್ಲ. ಬಿಲ್ಲೆಯನ್ನೇ ನೋಡುತ್ತ ಕೇಳಿದಳು: "ಅವರಿಗೆ ಗೊತ್ತಾಗಿತ್ತಾ? ಇದು ನಾನಿಟ್ಟಿದ್ದು ಅಂತ?"

"ಇಲ್ಲ. ಅವನು ಮುಚ್ಚಳ ತೆಗೆದೇ ಇರ್ಲಿಲ್ಲ. ತೆಗೆದಿದ್ರೆ ಡಬ್ಬ ಕುಸಿದೇ ಇರ್ತಿರ್ಲಿಲ್ಲ."

ಅವಳ ಮುಖದಲ್ಲಿ ಒಂದು ಕ್ಷಣ ನೆಮ್ಮದಿ ಮೂಡಿತು. ಮೂಡಿದ್ದು ಹಾಗೇ ಆರಿಹೋಯಿತು.

"ಗೊತ್ತಾಗಿದ್ರೆ ಕಿತ್ತೆಸೆದು, ನನ್ನ ಬೈಕೊಂಡು ಬೈಕೊಂಡು ಮನೆಗೆ ಬರ್ತಿದ್ರು," ಎಂದಳು.